ಐದನೆಯವರ ಅಂಕ

2024ರ ಜುಲೈ 29ರಂದು ತಹೀಟಿ ದ್ವೀಪದ ತೆಯಾಹುಪೊ ಕಡಲಲ್ಲಿ ತೆಗೆದ ಫೋಟೊವೊಂದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ಅಲ್ಲಿ ನಡೆಯುತ್ತಿತ್ತು. ಬ್ರೆಜಿಲ್‌ನ ಗ್ಯಾಬ್ರಿಯೆಲ್ ಮೆಡಿನಾ ಅಲೆಯ ಬೆನ್ನಿನಿಂದಾಚೆ ಹಾರಿ, ನೀರಿಗೂ ಮೋಡಕ್ಕೂ ನಡುವೆ ನೆಟ್ಟಗೆ ನಿಂತಂತೆ ಕಾಣುತ್ತಾರೆ. ಕೈ ಮೇಲಕ್ಕೆತ್ತಿದ್ದಾರೆ, ತೋರುಬೆರಳು ಆಕಾಶಕ್ಕೆ ಚಾಚಿದೆ. ಪಕ್ಕದಲ್ಲಿ ಅವರ ಹಲಗೆಯೂ ಅಷ್ಟೇ ನೆಟ್ಟಗಿದೆ. ಜೆರೋಮ್ ಬ್ರೂಯೆ ಎಂಬ ಛಾಯಾಗ್ರಾಹಕ ಹಿಡಿದ ಆ ಕ್ಷಣ ಒಂದೇ ದಿನದಲ್ಲಿ ಜಗತ್ತೆಲ್ಲ ಸುತ್ತಿತು. ಆ ಅಲೆಗೆ ತೀರ್ಪುಗಾರರು ಕೊಟ್ಟ ಅಂಕ 9.90. ಒಲಿಂಪಿಕ್ ಸರ್ಫಿಂಗ್‌ನಲ್ಲಿ ಅಲ್ಲಿಯವರೆಗೆ ಒಂದು ಅಲೆಗೆ ಸಿಕ್ಕ ಅತಿ ಹೆಚ್ಚಿನ ಅಂಕ ಅದೇ.

ನನ್ನ ಕಣ್ಣು ಮಾತ್ರ ಫೋಟೊ ಬಿಟ್ಟು ಅಂಕದ ಮೇಲೆ ನಿಂತಿತು. ಉಳಿದ 0.10 ಎಲ್ಲಿ ಹೋಯಿತು?

ಈ ಪ್ರಶ್ನೆ ನನ್ನನ್ನು ಇಷ್ಟು ಕಾಡಲು ಕಾರಣವಿತ್ತು. ನಾನಾಗ ನೀಬೋರ್ಡ್ ಸರ್ಫಿಂಗ್‌ನ ಬೆನ್ನು ಹತ್ತಿದ್ದೆ. ಅಂದರೆ, ಹಲಗೆಯ ಮೇಲೆ ನಿಲ್ಲದೆ ಮಂಡಿಯೂರಿ ಅಲೆಯ ಸವಾರಿ ಮಾಡುವ ಆಟ. ಅದರ ಸ್ಪರ್ಧೆಗಳಲ್ಲೂ ಅಂಕ ಕೊಡುವುದು ಹತ್ತಕ್ಕೇ. ನಿಂತವರನ್ನು ನೋಡಿ ನೋಡಿ ಬೆಳೆಸಿದ ಅಳತೆಗೋಲು ಮಂಡಿಯೂರಿದವರನ್ನು ಸರಿಯಾಗಿ ಅಳೆಯಬಲ್ಲದೆ, ಮಂಡಿಯೂರಿದವನಿಗೆ ಹತ್ತಕ್ಕೆ ಹತ್ತು ಸಿಕ್ಕಿತೆಂದರೆ ಅದರ ಅರ್ಥವೇನು ಎಂಬುದು ನನ್ನ ಹುಡುಕಾಟ. ಹತ್ತು ಹೇಗೆ ಹುಟ್ಟುತ್ತದೆ ಎಂಬುದೇ ತಿಳಿಯದಿದ್ದರೆ ಇದಕ್ಕೆ ಉತ್ತರವಿಲ್ಲ. ಹಾಗಾಗಿ ಮೆಡಿನಾರ 9.90ಯಿಂದಲೇ ಶುರು ಮಾಡಿದೆ.

ಲೆಕ್ಕದೊಳಗಿನ ಗುಟ್ಟು

ಸರ್ಫಿಂಗ್‌ನ ದೊಡ್ಡ ಸ್ಪರ್ಧೆಗಳಲ್ಲಿ ಒಂದೊಂದು ಅಲೆಗೂ ಐವರು ತೀರ್ಪುಗಾರರು ಅಂಕ ಕೊಡುತ್ತಾರೆ. ಸೊನ್ನೆಯಿಂದ ಹತ್ತರವರೆಗೆ, ಒಂದು ದಶಮಾಂಶ ಸ್ಥಾನದವರೆಗೆ: 7.3, 8.6, 9.8 ಹೀಗೆ. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕೈಬಿಟ್ಟು, ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಸರಾಸರಿಗೆ ಎರಡು ದಶಮಾಂಶ ಸ್ಥಾನ. ಒಂದು ಹೀಟ್‌ನಲ್ಲಿ, ಅಂದರೆ ಒಂದು ಸುತ್ತಿನ ಪಂದ್ಯದಲ್ಲಿ, ಸವಾರ ಎಷ್ಟು ಅಲೆ ಹಿಡಿದರೂ ಅತ್ಯುತ್ತಮ ಎರಡನ್ನು ಮಾತ್ರ ಕೂಡುತ್ತಾರೆ. ಪೂರ್ಣಾಂಕ 20.

ನಿಯಮ ಇಷ್ಟು ಸರಳ. ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತರೆ ಅದರ ಒಳಗಿರುವುದು ಒಂದೊಂದಾಗಿ ಹೊರಗೆ ಬರುತ್ತದೆ.

ಸರಾಸರಿ 9.90 ಆಗಬೇಕಾದರೆ ನಡುವಿನ ಮೂರು ಅಂಕಗಳ ಮೊತ್ತ 29.7 ಆಗಬೇಕು. ಮೂವತ್ತಕ್ಕೆ 0.3 ಕಡಿಮೆ. ಈ 0.3ನ್ನು ಮೂವರಲ್ಲಿ ಹಂಚಲು ಇರುವುದು ಮೂರೇ ದಾರಿ. ಮೂವರೂ 9.9 ಕೊಟ್ಟಿರಬೇಕು. ಇಲ್ಲವೇ 10, 9.9, 9.8 ಆಗಿರಬೇಕು. ಇಲ್ಲವೇ 10, 10, 9.7. ನಾಲ್ಕನೆಯ ದಾರಿಯಿಲ್ಲ.

ಮೂರನೆಯ ದಾರಿಯ ಮುಂದೆ ನಾನು ತುಂಬ ಹೊತ್ತು ಕೂತೆ. ನಡುವಿನ ಮೂರರಲ್ಲಿ ಎರಡು ಹತ್ತು ಇದ್ದರೆ, ಕೈಬಿಟ್ಟ ಮೇಲಿನ ಅಂಕವೂ ಹತ್ತೇ ಆಗಿರಬೇಕು. ಅಂದರೆ ಐವರಲ್ಲಿ ಮೂವರು ಹತ್ತು ಕೊಟ್ಟಿದ್ದರೂ ಅಲೆಗೆ ಹತ್ತು ಸಿಗದೇ ಹೋಗಬಹುದು. ಪರಿಪೂರ್ಣತೆಗೆ ಬಹುಮತ ಸಾಲದು.

ಹಾಗಾದರೆ ಎಷ್ಟು ಜನ ಬೇಕು? ಸರಾಸರಿ 10.00 ಆಗಲು ನಡುವಿನ ಮೂರೂ 10 ಆಗಬೇಕು. ಆಗ ಅವುಗಳಿಗಿಂತ ಮೇಲಿನದೂ 10 ಆಗಿರಲೇಬೇಕು. ಅಂದರೆ ನಾಲ್ವರು. ಉಳಿದ ಐದನೆಯವರು 9.5 ಕೊಟ್ಟಿರಲಿ, 8 ಕೊಟ್ಟಿರಲಿ, ಅದು ಕೈಬಿಡುವ ಅಂಕ, ಮೊತ್ತಕ್ಕೆ ಸೇರುವುದಿಲ್ಲ. ಐವರಿರುವ ಪೀಠದಲ್ಲಿ ಹತ್ತಕ್ಕೆ ಹತ್ತು ಎಂದರೆ ಸರ್ವಾನುಮತ ಅಲ್ಲ, ಬರೀ ಬಹುಮತವೂ ಅಲ್ಲ. ನಾಲ್ವರು ಒಪ್ಪಬೇಕು, ಒಬ್ಬರು ಒಪ್ಪದಿರಬಹುದು.

ಇನ್ನೊಂದು ವಿಷಯವೂ ಅದೇ ಹಾಳೆಯಲ್ಲಿ ಸಿಕ್ಕಿತು. ಹತ್ತರ ಕೆಳಗಿನ ಮೊದಲ ಮೆಟ್ಟಿಲು 9.97, ಅಂದರೆ ನಡುವಿನವು 10, 10, 9.9. ಅದರ ಕೆಳಗಿನದು 9.93. 9.98 ಅಥವಾ 9.99 ಎಂಬ ಅಂಕ ಈ ಪದ್ಧತಿಯಲ್ಲಿ ಹುಟ್ಟುವಂತೆಯೇ ಇಲ್ಲ. ನಡುವಿನ ಮೂವರಲ್ಲಿ ಒಬ್ಬರು ಒಂದು ದಶಾಂಶದಷ್ಟು ಹಿಂಜರಿದರೆ ಸಾಕು, ಹತ್ತು ಕೈತಪ್ಪುತ್ತದೆ.

ಚಿಕ್ಕ ಸ್ಪರ್ಧೆಗಳಿಗೆ ಬಂದರೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ನೀಬೋರ್ಡ್‌ನವರು ಸಂಖ್ಯೆಯಲ್ಲಿ ಕಡಿಮೆ, ಅವರ ಕೂಟಗಳೂ ಚಿಕ್ಕವು. ಮೂವರೇ ತೀರ್ಪುಗಾರರು ಕೂತು, ಮೂವರ ಅಂಕದ ಸರಾಸರಿಯನ್ನೇ ಹಿಡಿಯುವುದಾದರೆ ಕೈಬಿಡಲು ಏನೂ ಉಳಿಯುವುದಿಲ್ಲ. ಆಗ ಮೂವರೂ ಹತ್ತು ಕೊಡಬೇಕು, ಒಂದೂ ಒಡಕು ದನಿ ಇರಬಾರದು. ಯಾರೂ ಕ್ಯಾಮೆರಾ ಹಿಡಿದು ನಿಲ್ಲದ ಒಂದು ಸಣ್ಣ ಕಡಲತೀರದಲ್ಲಿ ಮಂಡಿಯೂರಿದವನಿಗೆ ಸಿಕ್ಕ ಹತ್ತು, ಲೆಕ್ಕದ ದೃಷ್ಟಿಯಿಂದ, ಒಲಿಂಪಿಕ್ಸ್‌ನ ಹತ್ತಕ್ಕಿಂತ ಗಟ್ಟಿಯಾದ ಒಪ್ಪಿಗೆಯನ್ನು ಬೇಡುತ್ತದೆ. ನನ್ನ ಹುಡುಕಾಟದಲ್ಲಿ ಸಿಕ್ಕ ಮೊದಲ ಫಲ ಇದು.

ಸೊನ್ನೆಯಿಂದ ಏರುವ ಹತ್ತು

ಲೆಕ್ಕ ತಿಳಿಯಿತು. ಆದರೆ ಒಬ್ಬ ತೀರ್ಪುಗಾರನ ಮನಸ್ಸಿನಲ್ಲಿ ಹತ್ತು ಎಂಬುದು ಮೂಡುವುದು ಹೇಗೆ?

ಶಾಲೆಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಕೊಡುವ ಮೇಷ್ಟ್ರು ಕನ್ನಡ ಪ್ರಬಂಧಕ್ಕೆ ಪೂರ್ಣಾಂಕ ಕೊಡಲು ಕೈ ತಡೆಯುತ್ತಾರೆ. ಗಣಿತದಲ್ಲಿ ತಪ್ಪಿಲ್ಲದಿದ್ದರೆ ಪೂರ್ಣಾಂಕ. ಪ್ರಬಂಧದಲ್ಲಿ ತಪ್ಪಿಲ್ಲದಿರುವುದು ಬರೀ ಆರಂಭ. ಕ್ರೀಡೆಗಳಲ್ಲೂ ಈ ಎರಡು ಕುಲಗಳಿವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಹದಿನಾಲ್ಕು ವರ್ಷದ ನಾದಿಯಾ ಕೊಮನೇಚಿ ಜಿಮ್ನಾಸ್ಟಿಕ್ಸ್‌ನಲ್ಲಿ 10 ಪಡೆದಾಗ ಅಂಕ ತೋರಿಸುವ ಫಲಕಕ್ಕೆ ಅಷ್ಟು ದೊಡ್ಡ ಅಂಕಿ ಹಿಡಿಸದೆ ಅದು 1.00 ಎಂದು ತೋರಿಸಿತು. ಆ ಹತ್ತು ಕಳೆಯುವ ಲೆಕ್ಕದ ಹತ್ತು. ಪಾದ ಅಲುಗಿದರೆ ಇಷ್ಟು, ಮೊಣಕಾಲು ಬಾಗಿದರೆ ಇಷ್ಟು ಎಂದು ಕಳೆಯುತ್ತ ಹೋಗಿ, ಕಳೆಯಲು ಏನೂ ಸಿಗದಿದ್ದಾಗ ಉಳಿಯುವಂಥದ್ದು. ಜಿಮ್ನಾಸ್ಟಿಕ್ಸ್ 2006ರಲ್ಲಿ ಆ ಮೇಲ್ಮಿತಿಯನ್ನೇ ಕೈಬಿಟ್ಟಿತು.

ಸರ್ಫಿಂಗ್‌ನಲ್ಲಿ ದಾರಿ ತಿರುವುಮುರುವು. ಇಲ್ಲಿ ಸೊನ್ನೆಯಿಂದ ಕಟ್ಟುತ್ತ ಹೋಗಬೇಕು. 2ರೊಳಗೆ ಕಳಪೆ, 2ರಿಂದ 4ರೊಳಗೆ ಸುಮಾರು, 4ರಿಂದ 6ರೊಳಗೆ ಸಾಧಾರಣ, 6ರಿಂದ 8ರೊಳಗೆ ಚೆನ್ನ, 8ರಿಂದ ಮೇಲೆ ಅತ್ಯುತ್ತಮ. ತೀರ್ಪುಗಾರರು ನೋಡುವ ಗುಣಗಳಿಗೂ ಪಟ್ಟಿಯಿದೆ: ಎಷ್ಟು ಕಷ್ಟದ್ದಕ್ಕೆ ಕೈ ಹಾಕಿದ, ಎಷ್ಟು ಬದ್ಧತೆಯಿಂದ ಹಾಕಿದ, ಹೊಸತನ, ದೊಡ್ಡ ವರಸೆಗಳ ಜೋಡಣೆ, ಅವುಗಳ ವೈವಿಧ್ಯ, ವೇಗ, ಕಸುವು, ಓಘ. ಯಾವುದಕ್ಕೆ ಎಷ್ಟು ಅಂಕ ಎಂಬ ಹಂಚಿಕೆ ಆ ಪಟ್ಟಿಯಲ್ಲಿಲ್ಲ. ಆ ದಿನದ ಕಡಲು ಹೇಗಿದೆ ಎಂಬುದರ ಮೇಲೆ ಒತ್ತು ಬದಲಾಗುತ್ತದೆ. ಅಲೆ ಸುರಂಗವಾಗಿ ಉರುಳುವಲ್ಲಿ ಸುರಂಗದ ಆಳವೇ ಮುಖ್ಯ. ಅಲೆ ಮಗುಚದೆ ಇಳಿಜಾರಾಗಿ ಸಾಗುವಲ್ಲಿ ತಿರುವುಗಳೇ ಮುಖ್ಯ.

ಇದಕ್ಕಿಂತ ಮುಖ್ಯವಾದುದು, ಅಂಕ ಆ ಹೀಟ್‌ಗಷ್ಟೇ ಸೇರಿದ್ದು ಎಂಬ ತತ್ವ. ಎರಡು ಅಲೆಗಳು ಎಂದೂ ಒಂದೇ ಆಗಿರುವುದಿಲ್ಲವಾದ್ದರಿಂದ ಮೊದಲ ಸವಾರಿಗೆ ಕೊಟ್ಟ ಅಂಕವೇ ಮುಂದಿನವುಗಳಿಗೆ ಅಳತೆಗೋಲಾಗುತ್ತದೆ. ಮೊದಲನೆಯದಕ್ಕೆ 8 ಕೊಟ್ಟುಬಿಟ್ಟರೆ, ಅದಕ್ಕಿಂತ ಸ್ವಲ್ಪ ಚೆನ್ನಾಗಿರುವುದು 8.5 ಆಗಬೇಕು, ತುಂಬ ಚೆನ್ನಾಗಿರುವುದು 9.5. ಅದಕ್ಕೂ ಮೇಲಿನದು ಬಂದರೆ ಹೆಚ್ಚು ಜಾಗವಿಲ್ಲ. ಹತ್ತು ಕೊಡುವ ತೀರ್ಪುಗಾರ, ಈ ಹೀಟ್‌ನಲ್ಲಿ ಇದಕ್ಕಿಂತ ಹೆಚ್ಚಿನದು ಬರಲಾರದು ಎಂಬ ಭರವಸೆಯನ್ನೂ ಅದರ ಜೊತೆ ಕೊಡುತ್ತಾನೆ. ಕಳೆದದ್ದನ್ನು ಅಳೆಯುತ್ತ, ಇನ್ನೂ ಬಾರದ ಅಲೆಗಳ ಬಗ್ಗೆಯೂ ಮಾತು ಕೊಡುವ ಕೆಲಸ ಅದು. ಕೈ ನಡುಗದೆ ಇದ್ದೀತೆ?

ಆದರೂ ಕೊಟ್ಟಿದ್ದಾರೆ. 1996ರಲ್ಲಿ ಆಸ್ಟ್ರೇಲಿಯಾದ ಕಿರಾದಲ್ಲಿ, ಆಗಿನ್ನೂ ಮೂರು ಅಲೆಗಳನ್ನು ಕೂಡುತ್ತಿದ್ದ ಕಾಲ, ಅಮೆರಿಕದ ಶೇನ್ ಬೆಶೆನ್ ಮೂವತ್ತಕ್ಕೆ ಮೂವತ್ತು ಪಡೆದರು. ಎಣಿಕೆ ಎರಡು ಅಲೆಗೆ ಇಳಿದ ಮೇಲೆ ಇಪ್ಪತ್ತಕ್ಕೆ ಇಪ್ಪತ್ತು ಪಡೆದ ಮೊದಲಿಗರು ಕೆಲ್ಲಿ ಸ್ಲೇಟರ್. ಅದು 2005ರಲ್ಲಿ, ಇದೇ ತೆಯಾಹುಪೊದಲ್ಲಿ, ಡೇಮಿಯನ್ ಹಾಬ್‌ಗುಡ್ ಎದುರಿನ ಫೈನಲ್‌ನಲ್ಲಿ. ಆಸ್ಟ್ರೇಲಿಯಾದ ಓವೆನ್ ರೈಟ್ 2015ರಲ್ಲಿ ಫಿಜಿಯ ಒಂದೇ ಕೂಟದಲ್ಲಿ ಎರಡು ಸಲ ಇಪ್ಪತ್ತು ಮುಟ್ಟಿದರು. ಕಿರಾ, ತೆಯಾಹುಪೊ, ಫಿಜಿ, ಮೂರೂ ಸುರಂಗದ ಅಲೆಗೆ ಹೆಸರಾದ ತಾಣಗಳು. ಪೂರ್ಣಾಂಕದ ಜಾಡು ಹಿಡಿದು ಹೋದವನನ್ನು ಅದು ಅಲೆಯ ಸುರಂಗದ ಬಾಯಿಗೆ ತಂದು ನಿಲ್ಲಿಸುತ್ತದೆ. ನೀಬೋರ್ಡ್ ಕಾದು ನಿಂತಿರುವುದೂ ಅಲ್ಲೇ.

ಮಂಡಿಯೂರುವುದು ಎಂದರೆ

ಕನ್ನಡದಲ್ಲಿ ಮಂಡಿಯೂರುವುದು ಎಂದರೆ ಸೋಲೊಪ್ಪಿಕೊಳ್ಳುವುದು. ಸರ್ಫಿಂಗ್ ಲೋಕದಲ್ಲೂ ಮಂಡಿಯೂರುವುದಕ್ಕೆ ಹೆಚ್ಚುಕಡಿಮೆ ಇದೇ ದೃಷ್ಟಿ. ಹೊಸದಾಗಿ ಕಲಿಯುವವರು ಮೊದಲು ಹಲಗೆಯ ಮೇಲೆ ಮಲಗುತ್ತಾರೆ, ಆಮೇಲೆ ಮಂಡಿಯೂರುತ್ತಾರೆ, ಕೊನೆಗೆ ನಿಲ್ಲುತ್ತಾರೆ. ಹೀಗಾಗಿ ಮಂಡಿ ಎಂದರೆ ನಿಲ್ಲಲು ಬಾರದವರ ಅರ್ಧದಾರಿ ಎಂಬ ಭಾವನೆ.

ಕರಾವಳಿಯ ನಮಗೆ ಇದನ್ನು ಬೇರೆ ರೀತಿಯಲ್ಲಿ ನೋಡುವ ಕಣ್ಣಿದೆ. ಯಕ್ಷಗಾನದ ರಂಗದಲ್ಲಿ ಪುಂಡುವೇಷ ಚೆಂಡೆಯ ಪೆಟ್ಟಿಗೆ ಮಂಡಿ ಹಾಕಿ ಸುತ್ತು ಸುತ್ತುತ್ತ ಬರುವಾಗ, ನಿಂತು ಕುಣಿಯಲಾರದೆ ಕೂತ ಎಂದು ಯಾರೂ ಅನ್ನುವುದಿಲ್ಲ. ಚಪ್ಪಾಳೆ ಬೀಳುವುದೇ ಆಗ. ಮಂಡಿ ಅಲ್ಲಿ ಬೇರೆಯದೇ ವಿದ್ಯೆ, ಅದಕ್ಕೆ ಬೇರೆಯದೇ ಕಸುವು ಬೇಕು. ನೀಬೋರ್ಡ್‌ನ ದಾಖಲೆಗಳನ್ನು ನಾನು ಓದಿದ್ದು ಈ ಕಣ್ಣಿನಿಂದಲೇ.

ನೀಬೋರ್ಡ್ ನಿಂತು ಸವಾರಿ ಮಾಡುವ ಹಲಗೆಗಿಂತ ಗಿಡ್ಡ, ಅಗಲ ಹೆಚ್ಚು. ಸವಾರ ಅದರ ಮೇಲೆ ಎರಡೂ ಮಂಡಿ ಊರಿ, ಹಿಮ್ಮಡಿಗಳ ಮೇಲೆ ಭಾರ ಬಿಟ್ಟು ಕೂರುತ್ತಾನೆ. ಕಾಲಿಗೆ ಈಜುವವರು ಹಾಕುವಂಥ ರಬ್ಬರ್ ಫಿನ್ ತೊಟ್ಟಿರುತ್ತಾನೆ. ಒಬ್ಬ ತೀರ್ಪುಗಾರನ ಜಾಗದಲ್ಲಿ ಕೂತು ಇವನನ್ನು ನೋಡುತ್ತ ಹೋದರೆ, ನಿಯಮದ ಹಾಳೆಯ ಒಂದೊಂದು ಪದವೂ ಅರ್ಥ ಬದಲಿಸುತ್ತದೆ.

ಅಲೆ ಹಿಡಿಯುವುದರಿಂದ ನೋಡೋಣ. ನಿಲ್ಲುವವನು ಅಲೆ ಮುರಿಯುವ ಹೊತ್ತಿಗೆ ಎದ್ದು ನಿಂತಿರಬೇಕು, ಆ ಎದ್ದು ನಿಲ್ಲುವ ಗಳಿಗೆಯೇ ಅಪಾಯದ ಗಳಿಗೆ. ಮಂಡಿಯವನು ಫಿನ್ ಒದ್ದು ಕೊನೆಯ ಕ್ಷಣದಲ್ಲೂ ಅಲೆಗೆ ಇಳಿಯಬಲ್ಲ. ನಿಂತವನು ಅಷ್ಟು ತಡವಾಗಿ ಇಳಿದರೆ ತೀರ್ಪುಗಾರನ ಉಸಿರು ನಿಲ್ಲುತ್ತದೆ. ಮಂಡಿಯವನಿಗೆ ಅದು ಅಷ್ಟು ಕಷ್ಟದ್ದಲ್ಲ. ಹಾಗಾದರೆ ಅವನು ಇನ್ನೂ ಒಳಗಿನಿಂದ, ಅಲೆ ಇನ್ನೂ ಕಡಿದಾದ ಕಡೆಯಿಂದ ಇಳಿದರಷ್ಟೇ ಕಷ್ಟದ ಲೆಕ್ಕ.

ಇನ್ನು ತಿರುವು. ನಿಂತವನಿಗೆ ಎರಡು ಕಾಲುಗಳೇ ಸ್ಪ್ರಿಂಗು. ಕುಗ್ಗಿ, ಚಿಮ್ಮಿ, ಹಿಂದಿನ ಕಾಲಿಂದ ಹಲಗೆಯ ಬಾಲವನ್ನು ಒತ್ತಿ ನೀರನ್ನು ಆಕಾಶಕ್ಕೆ ಚಿಮ್ಮಿಸುತ್ತಾನೆ. ಮಂಡಿಯವನಿಗೆ ಆ ಸ್ಪ್ರಿಂಗಿಲ್ಲ, ಹಿಂದೆ ಮುಂದೆ ಸರಿಸಲು ಪಾದಗಳೂ ಇಲ್ಲ. ಸೊಂಟ, ಭುಜ, ಹಲಗೆಯ ಅಂಚು, ಇಷ್ಟರಲ್ಲೇ ಅವನು ಕಸುವು ಹುಟ್ಟಿಸಬೇಕು. ಚಿಮ್ಮಿದ ನೀರಿನ ಎತ್ತರ ನೋಡಿ ಕಸುವು ಅಳೆಯುವ ಕಣ್ಣಿಗೆ ಇದು ಕಡಿಮೆ ಕಂಡೀತು. ಹಲಗೆಯ ಅಂಚು ಎಷ್ಟು ಆಳಕ್ಕೆ ಇಳಿಯಿತು, ತಿರುವಿನುದ್ದಕ್ಕೂ ವೇಗ ಉಳಿಯಿತೇ ಎಂದು ನೋಡುವ ಕಣ್ಣಿಗೆ ಹೆಚ್ಚು ಕಂಡೀತು.

ಇನ್ನೊಂದು ವ್ಯತ್ಯಾಸ ನನಗೆ ಬಹಳ ತಡವಾಗಿ ಹೊಳೆಯಿತು. ನಿಂತ ಸವಾರನ ಮೈ ಹಲಗೆಗೆ ಅಡ್ಡವಾಗಿರುತ್ತದೆ. ಎಡಕ್ಕೆ ಸಾಗುವ ಅಲೆಯಲ್ಲಿ ಒಬ್ಬನ ಎದೆ ಅಲೆಯ ಕಡೆಗಿದ್ದರೆ ಇನ್ನೊಬ್ಬನ ಬೆನ್ನು ಅಲೆಯ ಕಡೆಗಿರುತ್ತದೆ. ಬೆನ್ನು ಕೊಟ್ಟು ಸುರಂಗ ಹೊಗುವುದು ಹೆಚ್ಚು ಕಷ್ಟ ಎಂದು ತೀರ್ಪುಗಾರರು ಗಮನಿಸುತ್ತಾರೆ. ಮಂಡಿಯವನ ಮುಖ ಯಾವಾಗಲೂ ಮುಂದಕ್ಕೇ. ಅವನಿಗೆ ಎಡವೂ ಬಲವೂ ಒಂದೇ. ನಿಂತವರಲ್ಲಿ ಕಷ್ಟವನ್ನು ತೂಗುವ ಒಂದು ತಕ್ಕಡಿಕಲ್ಲೇ ಇಲ್ಲಿ ಇಲ್ಲ.

ಕೊನೆಗೆ ಸುರಂಗ. ಮಂಡಿಯವನ ತಲೆ ನಿಂತವನ ಸೊಂಟದ ಮಟ್ಟದಲ್ಲಿರುತ್ತದೆ. ನಿಂತವನು ಬಗ್ಗಿ ಮುದುಡಿದರೂ ಹಿಡಿಸದ ಕಿರಿದಾದ ಸುರಂಗದಲ್ಲಿ ಅವನು ಎದೆಯೆತ್ತಿ ಸಾಗಬಲ್ಲ. ಇದು ಅನುಕೂಲವೇ, ಕೌಶಲವೇ? ನನ್ನ ಇಡೀ ಹುಡುಕಾಟ ಈ ಪ್ರಶ್ನೆಯ ಸುತ್ತ ತಿರುಗಿತು. ಉತ್ತರಕ್ಕೆ ಹಳೆಯ ಕಾಲಕ್ಕೆ ಹೋಗಬೇಕಾಯಿತು.

ಸ್ಪರ್ಧೆಗೆ ಬಾರದವನ ಗುರುತು

1954ರಲ್ಲಿ ಹವಾಯಿಯ ಮಕಾಹಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸ್ಪರ್ಧೆಯ ಕಾಲದಲ್ಲಿ ತೀರ್ಪಿನ ಮನಸ್ಸು ಬೇರೆಯಿತ್ತು. ಅಲೆ ಎಷ್ಟು ದೊಡ್ಡದು, ಸವಾರಿ ಎಷ್ಟು ದೂರ, ನಿಲುವು ಎಷ್ಟು ಚೆಂದ ಎಂಬುದೇ ಮುಖ್ಯ. 1960ರ ದಶಕದಲ್ಲಿ ಉದ್ದ ಹಲಗೆಯ ಮೂತಿಯವರೆಗೆ ನಡೆದುಹೋಗಿ ನಿಲ್ಲುವ ನಾಜೂಕಿಗೆ ಮನ್ನಣೆ ಬಂತು. 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆ ನಾಜೂಕಿನ ಪ್ರತಿನಿಧಿ ಡೇವಿಡ್ ನೂಹಿವಾ. ಗೆದ್ದದ್ದು ಆಸ್ಟ್ರೇಲಿಯಾದ ನ್ಯಾಟ್ ಯಂಗ್, ರಭಸದ ಆಳವಾದ ತಿರುವುಗಳಿಂದ. ಇಂದಿನ ನಿಯಮದ ಹಾಳೆಯಲ್ಲಿರುವ ಕಸುವು ಎಂಬ ಪದದ ಬೇರು ಆ ದಿನದಲ್ಲಿದೆ.

ನ್ಯಾಟ್ ಯಂಗ್‌ರ ಹಲಗೆಯ ಅಡಿಯಲ್ಲಿದ್ದ ಫಿನ್, ಅಂದರೆ ಹಲಗೆ ಜಾರದಂತೆ ನೀರನ್ನು ಕಚ್ಚಿ ಹಿಡಿಯುವ ರೆಕ್ಕೆ, ಜಾರ್ಜ್ ಗ್ರೀನೊ ರೂಪಿಸಿದ ಬಗೆಯದು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದವರಾದ ಗ್ರೀನೊ, ವೇಗವಾಗಿ ಈಜುವ ದೊಡ್ಡ ಮೀನುಗಳ ರೆಕ್ಕೆಯನ್ನು ನೋಡಿ, ಅದರಂತೆ ಬಾಗಿ ಮತ್ತೆ ನೆಟ್ಟಗಾಗುವ ತೆಳು ಫಿನ್ ಮಾಡಿದವರು. ಅವರು ಸವಾರಿ ಮಾಡುತ್ತಿದ್ದುದು ಮಂಡಿಯೂರಿ. ಚಮಚದಂತೆ ಒಳಗೆ ತೋಡಿದ, ಬಳುಕುವ ಫೈಬರ್‌ಗ್ಲಾಸ್‌ನ ಚಿಕ್ಕ ಹಲಗೆಯ ಮೇಲೆ, ಆಗಿನ ನಿಂತ ಸವಾರರು ಕನಸಲ್ಲೂ ಕಾಣದ ತಿರುವುಗಳನ್ನು ತಿರುಗುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಅದನ್ನು ಕಂಡ ಬಾಬ್ ಮೆಕ್‌ಟ್ಯಾವಿಶ್, ನ್ಯಾಟ್ ಯಂಗ್ ಮೊದಲಾದವರು, ನಿಂತೂ ಹೀಗೆ ತಿರುಗಬೇಕು ಎಂದು ಹಲಗೆಗಳನ್ನು ಗಿಡ್ಡ ಮಾಡತೊಡಗಿದರು. 1967ರ ಹೊತ್ತಿಗೆ ಗಿಡ್ಡ ಹಲಗೆಯ ಯುಗ ಬಂದೇಬಿಟ್ಟಿತು. ಗ್ರೀನೊ ಮಾತ್ರ ಸ್ಪರ್ಧೆಗಳಿಂದ ದೂರವೇ ಉಳಿದರು.

ಇಲ್ಲಿ ನನ್ನ ಪ್ರಶ್ನೆ ತಲೆಕೆಳಗಾಯಿತು. ನಿಂತವರ ಅಳತೆಗೋಲಿನಿಂದ ಮಂಡಿಯವರನ್ನು ಅಳೆಯಬಹುದೇ ಎಂದು ಕೇಳುತ್ತ ಬಂದಿದ್ದೆ. ದಾಖಲೆ ಹೇಳಿದ್ದು ಬೇರೆ. ಆ ಅಳತೆಗೋಲಿನ ಅರ್ಧ ಗೀಟುಗಳನ್ನು ಕೊರೆದದ್ದು ಮಂಡಿಯೂರಿದ ಒಬ್ಬ ಮನುಷ್ಯನ ಸವಾರಿ. ಬಾಲದಲ್ಲಿ ಕವಲೊಡೆದ, ಎರಡು ಫಿನ್‌ಗಳ ಫಿಶ್ ಹಲಗೆಯ ಕಥೆಯೂ ಇಂಥದ್ದೇ. ಸ್ಯಾನ್ ಡಿಯಾಗೊದ ಸ್ಟೀವ್ ಲಿಸ್ 1960ರ ದಶಕದ ಕೊನೆಯಲ್ಲಿ ಅದನ್ನು ಮಾಡಿದ್ದು ನೀಬೋರ್ಡ್ ಆಗಿ. 1972ರ ವಿಶ್ವ ಸ್ಪರ್ಧೆಯನ್ನು ಜಿಮ್ಮಿ ಬ್ಲಿಯರ್ಸ್ ಫಿಶ್ ಹಲಗೆಯ ಮೇಲೆ ನಿಂತು ಗೆದ್ದರು.

ಗ್ರೀನೊ ಕೊಟ್ಟ ಇನ್ನೊಂದು ಕಾಣಿಕೆ ತೀರ್ಪಿನ ವಿಷಯಕ್ಕೆ ಇನ್ನೂ ಹತ್ತಿರದ್ದು. ಭಾರದ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಂಡು, ಮಂಡಿಯೂರಿ ಸುರಂಗ ಹೊಕ್ಕು, ಒಳಗಿನ ನೋಟವನ್ನು ಚಿತ್ರೀಕರಿಸಿದರು. 1970ರ ಸುಮಾರಿಗೆ ತೆರೆಕಂಡ ‘ದಿ ಇನ್ನರ್‌ಮೋಸ್ಟ್ ಲಿಮಿಟ್ಸ್ ಆಫ್ ಪ್ಯೂರ್ ಫನ್’ ಚಿತ್ರದಲ್ಲಿ ದಡದ ಜನ ಸುರಂಗದ ಒಳಗನ್ನು ಕಂಡರು: ಸುತ್ತ ತಿರುಗುವ ಹಸಿರು ಗಾಜಿನಂಥ ಗೋಡೆ, ಮುಂದೆ ಬಾದಾಮಿಯಾಕಾರದ ಬೆಳಕಿನ ಕಿಂಡಿ. ತೀರ್ಪುಗಾರನಿಗೆ ಎಂದೂ ಕಾಣದ ಜಾಗ ಅದು. ದಡದಲ್ಲೋ ಗೋಪುರದಲ್ಲೋ ಕೂತವನಿಗೆ ಸವಾರ ನೀರಿನ ಪರದೆಯ ಹಿಂದೆ ಮಾಯವಾಗುವುದು ಕಾಣುತ್ತದೆ, ಮತ್ತೆ ಹೊರಬರುವುದು ಕಾಣುತ್ತದೆ. ನಡುವಿನ ಸೆಕೆಂಡುಗಳನ್ನು ಅವನು ಎಣಿಸಬಲ್ಲ, ನೋಡಲಾರ. ಅತಿ ಹೆಚ್ಚು ಅಂಕ ತರುವ ಗಳಿಗೆಯೇ ಅತಿ ಕಡಿಮೆ ಕಾಣುವ ಗಳಿಗೆ.

1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ತಿರುವಿಗೆ ಇಷ್ಟು, ಸುರಂಗಕ್ಕೆ ಇಷ್ಟು ಎಂದು ಒಂದೊಂದು ವರಸೆಗೂ ಅಂಕ ಎಣಿಸುವ ಪದ್ಧತಿಯನ್ನು ಪ್ರಯೋಗಿಸಿದ್ದರು. ತೀರ್ಪುಗಾರನ ಅಭಿರುಚಿಯನ್ನು ಬದಿಗಿಟ್ಟು ಬರೀ ಎಣಿಸುವ ಆಸೆ ಅದರ ಹಿಂದಿತ್ತು. ಅದು ನಿಲ್ಲಲಿಲ್ಲ. ಎಣಿಕೆಯಲ್ಲಿ ಹತ್ತು ಪುಟ್ಟ ತಿರುವು ಒಂದು ಮಹಾ ತಿರುವನ್ನು ಸೋಲಿಸಿಬಿಡುತ್ತದೆ. ಒಟ್ಟು ಸವಾರಿಯನ್ನು ನೋಡಿ ಮನಸ್ಸಿನಿಂದ ತೂಗುವ ಪದ್ಧತಿಯೇ ಉಳಿಯಿತು. ಅಲೆಯ ಮೇಲೆ ಉಪಯುಕ್ತವಾಗಿ ಸಾಗಿದ ದೂರ ಎಂಬ ಅಂಶವೂ ಬಹಳ ಕಾಲ ನಿಯಮದಲ್ಲಿದ್ದು ಆಮೇಲೆ ಮರೆಯಾಯಿತು. ಹಾಳೆ ಬದಲಾಗುತ್ತಲೇ ಬಂದಿದೆ. ಹತ್ತು ಎಂಬ ಅಂಕಿ ಹಾಗೇ ಇದೆ, ಅದರೊಳಗಿನ ಅರ್ಥ ತಲೆಮಾರಿಗೊಮ್ಮೆ ಹೊಸತಾಗಿದೆ.

ಗೋಪುರದ ಮೇಲಿನ ಮೌನ

ತೆಯಾಹುಪೊದ ಅಲೆ ಮುರಿಯುವುದು ದಡದಲ್ಲಲ್ಲ, ದೂರದ ಹವಳದಿಬ್ಬದ ಮೇಲೆ. ತೀರ್ಪುಗಾರರ ಗೋಪುರವೂ ಅಲ್ಲೇ ನೀರಿನ ನಡುವೆ. ಒಲಿಂಪಿಕ್ಸ್‌ಗಾಗಿ ಹಳೆಯ ಮರದ ಗೋಪುರದ ಬದಲು ಅಲ್ಯುಮಿನಿಯಂ ಗೋಪುರ ಕಟ್ಟಲು ಹೊರಟಾಗ ಊರಿನವರು ಪ್ರತಿಭಟಿಸಿದರು. 2023ರ ಡಿಸೆಂಬರ್‌ನಲ್ಲಿ ಕಾಮಗಾರಿಯ ದೋಣಿಯೊಂದು ಹವಳವನ್ನು ಮುರಿಯಿತು. ಕೊನೆಗೆ ಗೋಪುರವನ್ನು ಚಿಕ್ಕದಾಗಿಸಿ, ಹಗುರಗೊಳಿಸಿ ಕಟ್ಟಿದರು. ಐವರು ಕೂತು ಸರಿಯಾಗಿ ನೋಡಲು ಒಂದು ಜಾಗ ಬೇಕೆಂದರೆ ಅದಕ್ಕೂ ಕಡಲು ಬೆಲೆ ತೆರಬೇಕು. ಹತ್ತಕ್ಕೆ ಹತ್ತರ ಹಿಂದೆ ಈ ಲೆಕ್ಕವೂ ಇದೆ ಎಂಬುದನ್ನು ಮರೆಯಬಾರದು.

ಆ ಗೋಪುರದಲ್ಲಿ ತೀರ್ಪುಗಾರರು ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಕೂರುತ್ತಾರೆ. ಅಂಕ ದಾಖಲಿಸುವವರೆಗೆ ಚರ್ಚೆ ಕೂಡದು. ಬೇಕಿದ್ದರೆ ದೃಶ್ಯವನ್ನು ಮತ್ತೆ ನೋಡಬಹುದು. ಹೀಗಿರುವಾಗ ನಾಲ್ವರು, ಪರಸ್ಪರ ಕೇಳದೆ, ಒಂದೇ ಅಂಕಿಗೆ ಬರುತ್ತಾರೆ ಎಂಬುದನ್ನು ಯೋಚಿಸಿದಾಗ ನನಗೆ ಆ ಹತ್ತರ ಬಗ್ಗೆ ಗೌರವ ಹುಟ್ಟಿತು.

ನೀಬೋರ್ಡ್‌ನ ಸ್ಪರ್ಧೆಗಳಲ್ಲಿ ಈ ಒಪ್ಪಿಗೆ ಬರಬೇಕಾದರೆ ಬೇಕಾದದ್ದು ಮಂಡಿಯ ಕಷ್ಟ ಬಲ್ಲ ಕಣ್ಣು. ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ ನಡೆ‌ಸುವ ವಿಶ್ವ ಸರ್ಫಿಂಗ್ ಗೇಮ್ಸ್‌ನಲ್ಲಿ ನೀಬೋರ್ಡ್‌ಗೂ ಹಲವು ವರ್ಷ ಪ್ರತ್ಯೇಕ ವಿಭಾಗವಿತ್ತು. ಪ್ರತ್ಯೇಕ ಎಂಬ ಪದದ ತೂಕ ನನಗೆ ಈಗ ತಿಳಿಯುತ್ತದೆ. ಅಂಕ ಹೀಟ್‌ಗಷ್ಟೇ ಸೇರಿದ್ದಾದ್ದರಿಂದ, ಹೀಟ್‌ನಲ್ಲಿ ಎಲ್ಲರೂ ಮಂಡಿಯವರೇ ಆಗಿದ್ದರೆ, ಅಳತೆಗೋಲನ್ನು ಮಂಡಿಯ ಸವಾರಿಯೇ ಕಟ್ಟುತ್ತದೆ. ತಡವಾಗಿ ಇಳಿಯುವುದು ಅಲ್ಲಿ ಎಲ್ಲರಿಗೂ ಸಾಧ್ಯ, ಹಾಗಾಗಿ ಅದಕ್ಕೆ ಹೆಚ್ಚಿನ ಅಂಕವಿಲ್ಲ. ಕಿರಿದಾದ ಸುರಂಗ ಎಲ್ಲರಿಗೂ ಹಿಡಿಸುತ್ತದೆ, ಹಾಗಾಗಿ ಒಳಗಿರುವುದಷ್ಟೇ ಸಾಲದು, ಎಷ್ಟು ಹಿಂದೆ ಉಳಿದು ಹೊರಬಂದ ಎಂಬುದು ಲೆಕ್ಕಕ್ಕೆ ಬರುತ್ತದೆ. ಎಲ್ಲರಿಗೂ ಇರುವ ಅನುಕೂಲ ತಾನಾಗಿ ಕಳೆದುಹೋಗಿ ಉಳಿಯುವುದು ಕೌಶಲ. ಅನುಕೂಲವೇ, ಕೌಶಲವೇ ಎಂದು ಹಿಂದೆ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಕ್ಲಬ್ ಮಟ್ಟದ ಸರ್ಫಿಂಗ್‌ನಲ್ಲಿ ಸ್ಪರ್ಧಿಗಳೇ ಸರದಿಯಂತೆ ತೀರ್ಪುಗಾರರಾಗುವ ರೂಢಿ ಹಳೆಯದು. ಈಗಷ್ಟೇ ನೀರಿನಿಂದ ಎದ್ದು ಬಂದವನು ಟವೆಲ್ ಹೊದ್ದು ಅಂಕದ ಹಾಳೆ ಹಿಡಿದು ಕೂರುತ್ತಾನೆ. ಸಿಡ್ನಿಯ ಪೀಟರ್ ಕ್ರಾಫರ್ಡ್ ನೀಬೋರ್ಡ್‌ನಲ್ಲಿ ಆಸ್ಟ್ರೇಲಿಯಾದ ಚಾಂಪಿಯನ್ ಆಗಿದ್ದವರು, ಸರ್ಫಿಂಗ್‌ನ ಹೆಸರಾಂತ ಛಾಯಾಗ್ರಾಹಕರೂ ಹೌದು. ಗ್ರೀನೊರಂತೆ ಅವರಲ್ಲೂ ಸವಾರಿ ಮಾಡುವ ಮೈ ಮತ್ತು ನೋಡುವ ಕಣ್ಣು ಒಂದೇ ಆಗಿದ್ದವು. ಸುರಂಗದ ಒಳಗನ್ನು ಮೈಯಿಂದ ಬಲ್ಲವನು, ಪರದೆಯ ಹಿಂದಿನ ಸೆಕೆಂಡುಗಳನ್ನು ಎಣಿಸುವಾಗ ಏನನ್ನು ಎಣಿಸುತ್ತಿದ್ದೇನೆ ಎಂಬುದನ್ನೂ ಬಲ್ಲ.

ನಮ್ಮ ಕಡಲಿಗೂ ಈ ಹಾಳೆ ಬಂದಿದೆ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಿಂದ ಬೇರೂರಿದ ಆಟ, 2016ರಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಆಗಿ ನಡೆಯಿತು. ಅಳಿವೆಯ ಪಕ್ಕದ ಆ ಮರಳಿನಲ್ಲಿ ಮೀನುಗಾರರ ಮಕ್ಕಳು ಹಲಗೆ ಕಲಿಯುವಾಗ ಮೊದಲು ಮಂಡಿಯೂರುತ್ತಾರೆ. ಅವರಲ್ಲಿ ಒಬ್ಬರಾದರೂ ಆ ಮಂಡಿಯಲ್ಲೇ ಉಳಿದು ನೋಡಲಿ, ಯಕ್ಷಗಾನದ ಊರಿನವರು ಅದಕ್ಕೆ ಅಂಕ ಕೊಡಲು ಕಲಿಯಲಿ ಎಂಬುದು ನನ್ನ ಮನಸ್ಸಿನ ಆಸೆ.

ಮತ್ತೆ ಆ 0.10ಕ್ಕೆ ಬರುತ್ತೇನೆ. ಅದು ಅಲೆಯಲ್ಲಿ ಎಲ್ಲೂ ಕಳೆದುಹೋಗಿರಲಿಲ್ಲ. ನಡುವಿನ ಮೂವರಲ್ಲಿ ಒಬ್ಬರೋ ಇಬ್ಬರೋ ಮೂವರೋ ಉಳಿಸಿಕೊಂಡ 0.3 ಅದು. ಇದಕ್ಕಿಂತ ಮೇಲಿನದು ಬಂದರೆ ಇರಲಿ ಎಂದು ಬಿಟ್ಟ ಜಾಗವೂ ಅದಾಗಿರಬಹುದು, ಪರದೆಯ ಹಿಂದೆ ಕಾಣದೇ ಹೋದದ್ದಕ್ಕೆ ತೋರಿದ ಪ್ರಾಮಾಣಿಕತೆಯೂ ಆಗಿರಬಹುದು.

ಹತ್ತು ಸಿಕ್ಕ ಅಲೆಯ ದಾಖಲೆ ಇಡುವವರಲ್ಲಿ ನನ್ನದೊಂದು ಕೋರಿಕೆ. ಸರಾಸರಿಯನ್ನಷ್ಟೇ ಬರೆಯಬೇಡಿ, ಐದೂ ಅಂಕಗಳನ್ನು ಬರೆದಿಡಿ. ಅದರಲ್ಲೂ ನೀಬೋರ್ಡ್‌ನಂಥ ಸಣ್ಣ ಬಳಗದವರು ಬರೆದಿಡಬೇಕು, ಏಕೆಂದರೆ ಅವರ ಮುಂದಿನ ತೀರ್ಪುಗಾರ ಕಲಿಯಬೇಕಾದ ಪಾಠ ಆ ಸಾಲಿನಲ್ಲಿದೆ. ನಾಲ್ವರು ಹತ್ತು ಕೊಟ್ಟಾಗ 9.6 ಕೊಟ್ಟ ಐದನೆಯವರು ಏನನ್ನೋ ಕಂಡಿರುತ್ತಾರೆ, ಅಥವಾ ನಾಲ್ವರು ಕಂಡದ್ದನ್ನು ಕಂಡಿರುವುದಿಲ್ಲ. ಲೆಕ್ಕ ಅವರ ಅಂಕವನ್ನು ಕೈಬಿಡುತ್ತದೆ, ಬಿಡಲಿ. ಮುಂದಿನ ಕಾಲದ ಹತ್ತು ಎಲ್ಲಿಂದ ಬರುತ್ತದೆ ಎಂದು ಹುಡುಕುವವನು ಮೊದಲು ಬೆರಳಿಡಬೇಕಾದ ಜಾಗ ಅದೇ.